ಕಾಲು ತೊಳೆದ ಭಾನುವಾರ

"ತಿಕ್ರೇ, ಇನ್ನೂ ಜೋರಾಗಿ ತಿಕ್ರೇ. ಕಾಲಾ ಅವು, ಎಮ್ಮೆ ಗೊರಸಾ? ನಾಳೆ ಪ್ರವೀಣ್ ಸಾರ್ ಕೈಯಲ್ಲಿ ಮುಟ್ಟೋ ಕಾಲು ಕಣ್ರೇ ಅದು. ಆ ಕೊಳೆ ಅವ್ರ ಉಗುರಿಗೆ ಹತ್ಲಿ, ಆಮೇಲಿದೆ ನಿಮ್ಗೆ ಹಬ್ಬ."

ಇಂದಿರಾನಗರದ ನೂರಡಿ ರಸ್ತೆಯ ಗಾಜಿನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಕಾರು ತೊಳೆಯುವ ನಲ್ಲಿಯ ಮುಂದೆ, ನಾಲ್ಕು ಜನ ಹೆಂಗಸರು ಸೀರೆ ಮೊಣಕಾಲಿಗೆ ಎತ್ತಿಕೊಂಡು ಕುಕ್ಕುರುಗಾಲಲ್ಲಿ ಕೂತಿದ್ದರು. ಸೂಪರ್‌ವೈಸರ್ ಕಿರಣಕುಮಾರ ಎದೆಗೆ ಕೈಕಟ್ಟಿ ಮೇಲೆ ನಿಂತಿದ್ದ. ಅವನು ಕೊಟ್ಟದ್ದು ಟೈಲ್ಸ್ ತಿಕ್ಕುವ ಬ್ರಶ್ಶು, ಬಕೆಟ್ಟಿನ ತುಂಬ ಫಿನಾಯಿಲು. ಹಿಮ್ಮಡಿಯ ಬಿರುಕಿಗೆ ಫಿನಾಯಿಲು ಇಳಿದಾಗ ಭೀಮಬಾಯಿಗೆ ಕಣ್ಣಲ್ಲಿ ನೀರು ಬಂತು. ಬಾಯಿಗೆ ಬಂದದ್ದನ್ನು ಮಾತ್ರ ನುಂಗಿಕೊಂಡಳು. ಅವಳು ಜೇವರ್ಗಿ ಕಡೆಯ ಹೆಂಗಸು, ಬಾಯಿಗೆ ಬಂದರೆ ಸಣ್ಣದು ಬರುವುದಿಲ್ಲ.

ವಿಷಯ ಏನಪ್ಪಾ ಅಂದರೆ, ಕಂಪನಿಯವರಿಗೆ ದಣಿವಾಗಿತ್ತು. ತಣ್ಣನೆಯ ಗಾಳಿಯಲ್ಲಿ, ಚಕ್ರದ ಕುರ್ಚಿಯಲ್ಲಿ, ಕೂತು ಕೂತು ದಣಿವಾಗಿತ್ತು. ದಣಿವಾರಿಸಿಕೊಳ್ಳಲಿಕ್ಕೆ ಮತ್ತು ಒಬ್ಬರಿಗೊಬ್ಬರು ಹತ್ತಿರವಾಗಲಿಕ್ಕೆ ಭಾನುವಾರ ಎಲ್ಲರೂ ಕೆ.ಆರ್. ಪುರದ ತೂಗುಸೇತುವೆ ದಾಟಿ ಹಳೆ ಮದ್ರಾಸ್ ರಸ್ತೆಯ ಒಂದು ರೆಸಾರ್ಟಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ದಿನವೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುವ ಜನ ಹತ್ತಿರವಾಗಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕೆಂದು ಭೀಮಬಾಯಿ ಕೇಳಲಿಲ್ಲ. ಅವಳ ಕೆಲಸ ಕೇಳುವುದಲ್ಲ, ಮೂರು ಅಂತಸ್ತಿನ ಹದಿನೆಂಟು ಕಕ್ಕಸು ತೊಳೆಯುವುದು.

ಹಿಂದಿನ ವರ್ಷಗಳಲ್ಲಿ ಇಂಥ ಔಟಿಂಗಿಗೆ ಹೌಸ್‌ಕೀಪಿಂಗಿನವರನ್ನು ಯಾರೂ ಕರೆದಿರಲಿಲ್ಲ. ಈ ಸಲ, ಅಂದರೆ ಎರಡು ಸಾವಿರದ ಆರರಲ್ಲಿ, ಎಚ್‌ಆರ್‌ನ ಪ್ರತಿಭಾ ಮೇಡಂ ಎಲ್ಲಿಂದಲೋ ಒಬ್ಬ ಗುರುವನ್ನು ಹಿಡಿದು ತಂದಿದ್ದಳು. ಖಾದಿ ಜುಬ್ಬಾ, ಹಿಂದೆ ಕಟ್ಟಿದ ಕೂದಲು, ಬಾಯಿ ತೆಗೆದರೆ ಇಂಗ್ಲಿಷು. ನಮ್ಮ ಕೊಳೆ ತೊಳೆಯುವವರ ಮುಖವನ್ನೇ ನಾವು ನೋಡುವುದಿಲ್ಲ, ಅವರ ಪಾದ ತೊಳೆದರೆ ನಮ್ಮ ಅಹಂಕಾರ ಕರಗುತ್ತದೆ ಎಂದು ಅವನು ಹೇಳಿದ್ದನಂತೆ. ನಾಲ್ಕು ಜನ ದೊಡ್ಡವರ ಅಹಂಕಾರ ಕರಗಬೇಕಿತ್ತು, ಆದ್ದರಿಂದ ನಾಲ್ಕು ಜೊತೆ ಕಾಲು ಬೇಕಾಗಿದ್ದವು. ಆ ಕಾಲು ಮೊದಲೇ ತೊಳೆದಿರಬೇಕೆಂದು ಹೇಳಿ ಕಳಿಸಿದವಳು ಪ್ರತಿಭಾ ಮೇಡಂ.

ಭೀಮಬಾಯಿಯ ಪಕ್ಕ ಕೂತು ತಿಕ್ಕುತ್ತಿದ್ದವಳು ಸಾಬಮ್ಮ. ಅವಳೂ ಅದೇ ಸೀಮೆಯವಳು, ಇನ್ನೂ ಇಪ್ಪತ್ತರ ಹುಡುಗಿ, ಹೆದರುಪುಕ್ಕಲಿ. ಆಚೆ ಕಡೆ ಶಿವಾಜಿನಗರದ ಇಮಾಮ್ ಬೀ. ಕೊನೆಯಲ್ಲಿ ಹಲಸೂರಿನ ಪಟಾಲಮ್ಮ, ಆರು ವರ್ಷದಿಂದ ಗಂಡಸರ ಕಕ್ಕಸು ತೊಳೆದು ತೊಳೆದು ನಾಚಿಕೆ ಎಂಬುದನ್ನೇ ಮರೆತವಳು. "ಅಡ ಪಾವಮೇ, ನಮ್ಮನೆಯೋನು ಇಪ್ಪತ್ತು ವರ್ಷದಲ್ಲಿ ಒಂದಿನ ನನ್ನ ಕಾಲು ಮುಟ್ಲಿಲ್ಲ. ಮುಟ್ಟಿದ್ದೆಲ್ಲ ಬೇರೆ ಕಡೆ," ಎಂದು ಪಟಾಲಮ್ಮ ತಿಕ್ಕುತ್ತಲೇ ನಕ್ಕಳು. ಕಿರಣಕುಮಾರನೂ ನಕ್ಕ. ಭೀಮಬಾಯಿಗೆ ನಗು ಬರಲಿಲ್ಲ. ನಗಲು ಕಿಬ್ಬೊಟ್ಟೆ ಬಿಗಿಯಾದರೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು.

ಭೀಮಬಾಯಿಗೆ ಬೇಕಾಗಿದ್ದದ್ದು ಒಂದೇ, ಕೂರಲಿಕ್ಕೆ ಒಂದು ಜಾಗ. ಹದಿನೆಂಟು ಕಕ್ಕಸು ತೊಳೆಯುವವಳಿಗೆ ಉಚ್ಚೆ ಹೊಯ್ಯಲಿಕ್ಕೆ ಒಂದು ಕಕ್ಕಸಿರಲಿಲ್ಲ. ಮೇಲಿನ ಅಂತಸ್ತಿನವನ್ನು ಇವರು ಬಳಸಕೂಡದೆಂದು ನೋಟೀಸು ಅಂಟಿಸಿದ್ದರು. ಯಾರೋ ಒಬ್ಬಾಕೆ ಸೀಟಿನ ಮೇಲೆ ಕುಂಕುಮದ ಕಲೆ ನೋಡಿದೆನೆಂದು ದೂರು ಕೊಟ್ಟಿದ್ದಳಂತೆ. ಸೀಟಿನ ಮೇಲೆ ಯಾರು ಯಾಕೆ ಹಣೆ ಇಡುತ್ತಾರೋ ಆ ದೇವರಿಗೇ ಗೊತ್ತು. ನೆಲಮಾಳಿಗೆಯಲ್ಲಿ ಜನರೇಟರ್ ಪಕ್ಕ ಒಂದಿತ್ತು, ಅಗಳಿಯಿಲ್ಲದ ಬಾಗಿಲು, ಒಬ್ಬಳು ಒಳಗೆ ಕೂತರೆ ಇನ್ನೊಬ್ಬಳು ಹೊರಗೆ ಕಾಯಬೇಕು. ಅದೂ ಒಂದು ತಿಂಗಳ ಹಿಂದೆ ಹೋಯಿತು. ಔಟಿಂಗಿಗೆ ತರಿಸಿದ ಅಂಗಿ, ಬ್ಯಾನರು, ಚೆಂಡು, ಹಗ್ಗಗಳ ಡಬ್ಬಗಳನ್ನು ಕಮೋಡಿನ ಮೇಲೇ ಪೇರಿಸಿ, ಬಾಗಿಲಿಗೆ ಕೊಂಡಿ ಬಡಿಸಿ, ಬೀಗ ಹಾಕಿ, ಚಾವಿಯನ್ನು ಪ್ರತಿಭಾ ಮೇಡಂ ತನ್ನ ಗೊಂಚಲಿಗೆ ಸೇರಿಸಿಕೊಂಡಳು.

ಇನ್ನುಳಿದದ್ದು ಸಿ.ಎಂ.ಎಚ್. ರಸ್ತೆಯ ಮಾರ್ಕೆಟ್ಟಿನ ಹತ್ತಿರದ ಕಾಸಿನ ಕಕ್ಕಸು. ಹೋಗಲು ಎಂಟು ನಿಮಿಷ, ಬರಲು ಎಂಟು ನಿಮಿಷ. ಹತ್ತು ನಿಮಿಷದ ಮೇಲೆ ಕಾಣದಿದ್ದರೆ ಕಿರಣಕುಮಾರ ಅರ್ಧ ದಿನದ ಹಾಜರಿ ಕತ್ತರಿಸುತ್ತಿದ್ದ. ಹೆಂಗಸರು ತಾವೇ ಒಂದು ದಾರಿ ಹುಡುಕಿಕೊಂಡರು, ನೀರು ಕುಡಿಯುವುದನ್ನೇ ಬಿಟ್ಟರು. ಒಣ ರೊಟ್ಟಿ ಒಣಗಿದ ಗಂಟಲಲ್ಲಿ ಹಾಗೇ ಇಳಿಯಬೇಕು. ಹದಿನೈದು ದಿನಕ್ಕೆ ಭೀಮಬಾಯಿಗೆ ಚಳಿಜ್ವರ ಬಂತು, ಉಚ್ಚೆ ಬೆಂಕಿಯಾಯಿತು, ಮತ್ತೆ ನಾಲ್ಕು ದಿನಕ್ಕೆ ಅದರಲ್ಲಿ ರಕ್ತ ಕಂಡಿತು.

ಆಸ್ಪತ್ರೆಯ ಡಾಕ್ಟರಮ್ಮ ಚೀಟಿ ಬರೆಯುತ್ತ, ನೀರು ಕುಡೀತೀಯೇನಮ್ಮ ಎಂದು ಕೇಳಿದಳು.

"ಇಲ್ರೀ."

"ಯಾಕೆ?"

"ಕುಡದ್ರ ಬರ್ತದಲ್ರೀ."

ಡಾಕ್ಟರಮ್ಮ ಪೆನ್ನು ಇಟ್ಟು ಇವಳ ಮುಖ ನೋಡಿದಳು. ದಿನಕ್ಕೆ ಮೂರು ಲೀಟರು ನೀರು ಕುಡಿಯಬೇಕು, ಬಂದಾಗ ತಡೆಯಲೇಬಾರದು, ಇನ್ನೊಂದು ಸಲ ಹೀಗೆ ಬಂದರೆ ಕಿಡ್ನಿ ಹೋಗುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡ ಎಂದು ಹೇಳಿದಳು. ಭೀಮಬಾಯಿ ಆ ಚೀಟಿಯನ್ನು ಕಿರಣಕುಮಾರನಿಗೆ ತೋರಿಸಿದಳು. ಅವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ತೊಳಿಯೋಳಿಗೆ ಕೂರೋ ಆಸೆ ಬಂದ್ರೆ ಕಂಪನಿ ಉದ್ಧಾರ ಆದಂಗೇ ಎಂದು ವಾಪಸು ಕೊಟ್ಟ.

ಶನಿವಾರ ಸಂಜೆ ಕಗ್ಗದಾಸಪುರದ ಬಾಡಿಗೆ ಕೋಣೆಗೆ ಬಂದು ಅವಳು ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಗಂಡ ಸಾಯಬಣ್ಣ, ಏನು ವಿಶೇಷ ಎಂದು ಕೇಳಿದ. ಅವನು ಗಾರೆ ಕೆಲಸದವನು, ಅವನ ಕಾಲೂ ಸುಣ್ಣ ತಿಂದ ಕಾಲೇ. ಸಂಗತಿ ಕೇಳಿ ಮೊದಲು ಹೊಟ್ಟೆ ಹಿಡಿದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಅಲ್ಲಲೇ, ತಾಟಿನಾಗ ಕಾಲಿಟ್ಟವರು ಸುಮ್ಮ ಏಳಬಾರದು. ಏನರ ಬೇಡು," ಎಂದ.

ಅದು ಅವರ ಕಡೆಯ ಪದ್ಧತಿ. ಮದುವೆಯಲ್ಲಿ ಹೆಣ್ಣಿನ ತಂದೆ ಅಳಿಯನ ಕಾಲನ್ನು ತಾಟಿನಲ್ಲಿಟ್ಟು ತೊಳೆಯುವಾಗ ಅಳಿಯ ಮುನಿಸು ತೋರಿಸಿ ರೂಸಿಕೊಳ್ಳುತ್ತಾನೆ. ತನಗೆ ಬೇಕಾದ್ದು ಒಂದು ಬೇಡುತ್ತಾನೆ. ಕಾಲು ತೊಳೆದವನು ಇಲ್ಲ ಎನ್ನುವ ಹಾಗಿಲ್ಲ, ಕೊಡುವ ತನಕ ಅಳಿಯ ತಾಟಿನಿಂದ ಕಾಲು ತೆಗೆಯುವ ಹಾಗಿಲ್ಲ. ಸಾಯಬಣ್ಣ ತನ್ನ ಮದುವೆಯಲ್ಲಿ ರೇಡಿಯೋ ಬೇಡಿದ್ದ. ಭೀಮಬಾಯಿಯ ಅಪ್ಪ ಮನೆಯಲ್ಲಿದ್ದ ಒಂದೇ ರೇಡಿಯೋವನ್ನು ಒರೆಸಿ ತಂದು ಕೊಟ್ಟಿದ್ದ. ತಾಟಿನ ಮಾತು ತಪ್ಪಿದವನ ಮನೆಯಲ್ಲಿ ಅವರ ಕೇರಿಯ ಜನ ನೀರು ಮುಟ್ಟುವುದಿಲ್ಲ.

ಅವತ್ತು ಮಲಗುವಾಗ ಭೀಮಬಾಯಿಗೆ ಒಂದು ತಿಂಗಳಲ್ಲಿ ಮೊದಲ ಸಲ ಮನಸ್ಸು ಹಗುರವಾಗಿತ್ತು. ಪ್ರವೀಣ್ ಸಾರ್ ಅಂದರೆ ಆ ಕಟ್ಟಡಕ್ಕೆಲ್ಲ ದೊಡ್ಡವನು. ಅಂಥವನು ತಾನಾಗಿ ಬಂದು ಕಾಲು ಮುಟ್ಟುತ್ತೇನೆ ಅನ್ನುತ್ತಾನೆ. ತಾನು ಬಂಗಾರ ಬೇಡುವುದಿಲ್ಲ, ಬಟ್ಟೆ ಬೇಡುವುದಿಲ್ಲ, ಒಂದು ಕಕ್ಕಸು ಬೇಡುತ್ತೇನೆ ಎಂದು ಸಾಯಬಣ್ಣನಿಗೆ ಹೇಳಿದಳು. ಅದಕ್ಕಿಂತ ಸಣ್ಣದನ್ನು ಯಾವ ಅಳಿಯನೂ ಬೇಡಿರಲಾರ ಎಂದು ಇಬ್ಬರೂ ಒಪ್ಪಿಕೊಂಡರು.

ಭಾನುವಾರ ಬೆಳಿಗ್ಗೆ ಆರಕ್ಕೆ ನಾಲ್ವರೂ ರೆಸಾರ್ಟಿನಲ್ಲಿದ್ದರು. ಕಂಪನಿಯ ಜನ ತಣ್ಣನೆಯ ಬಸ್ಸಿನಲ್ಲಿ ಒಂಬತ್ತೂವರೆಗೆ ಬಂದಿಳಿದರು. ಅಷ್ಟರಲ್ಲಿ ಕುರ್ಚಿ ಹಾಕಿ, ಬ್ಯಾನರು ಕಟ್ಟಿ, ನೀರಿನ ಕ್ಯಾನು ಹೊತ್ತು, ಎಲೆ ಗುಡಿಸಿ ಇವರ ಬೆನ್ನು ಮುರಿದಿತ್ತು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಮೇಲೆ 'ನಾವೆಲ್ಲ ಒಂದೇ ಕುಟುಂಬ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇವರಿಗೂ ಒಂದೊಂದು ಕೊಟ್ಟು ಸೀರೆಯ ಮೇಲೇ ತೊಟ್ಟುಕೊಳ್ಳಲು ಹೇಳಿದರು. ಅದರಲ್ಲಿ ಇಬ್ಬಿಬ್ಬರು ಹಿಡಿಸುವಷ್ಟು ಜಾಗವಿತ್ತು. ಕುಟುಂಬದವರು ನೆರಳಲ್ಲಿ ಕೂತರು, ಕುಟುಂಬದ ಈ ನಾಲ್ವರು ಕಾಫಿ ಲೋಟ ಎತ್ತಿದರು.

ಗುರು ಆಟ ಆಡಿಸಿದ. ಒಬ್ಬ ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಉಳಿದವರು ಹಿಡಿಯಬೇಕು, ಅದರಿಂದ ನಂಬಿಕೆ ಬೆಳೆಯುತ್ತದಂತೆ. ಬಿದ್ದವರೆಲ್ಲ ಎದ್ದು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಇಮಾಮ್ ಬೀ ಪೊರಕೆಗೆ ಗಲ್ಲ ಊರಿ ನೋಡುತ್ತ ನಿಂತಿದ್ದಳು. ಅವಳ ಗಂಡ ಮೂರನೇ ಮಹಡಿಯ ಸಾರವೆಯಿಂದ ಬಿದ್ದಾಗ ಕೆಳಗೆ ಯಾರೂ ಕೈ ಒಡ್ಡಿ ನಿಂತಿರಲಿಲ್ಲ. "ಇವರಿಗೆ ಬೀಳೋಕೂ ಒಬ್ಬ ಮಾಸ್ಟರ್ ಬೇಕು ನೋಡು," ಎಂದು ಮೆಲ್ಲಗೆ ಅಂದು ಅವಳು ಲೋಟ ಆರಿಸಲು ಹೋದಳು.

ಭೀಮಬಾಯಿ ಎಲ್ಲಕ್ಕಿಂತ ಮೊದಲು ನೋಡಿಕೊಂಡಿದ್ದು ಬೇರೆ. ಒಂದು ದಿನದ ಲೆಕ್ಕಕ್ಕೆ ಹಿಡಿದಿದ್ದರಿಂದ ಕಾಟೇಜುಗಳಿಗೆಲ್ಲ ಬೀಗ. ಹುಲ್ಲುಹಾಸಿನ ಅಂಚಿನಲ್ಲಿ ಹೆಂಚಿನ ಸಣ್ಣ ಕಟ್ಟಡ ಒಂದಿತ್ತು, ನಾಲ್ಕು ಬಾಗಿಲು, ಎರಡರ ಮೇಲೆ ಹೆಣ್ಣಿನ ಚಿತ್ರ, ಎರಡರ ಮೇಲೆ ಗಂಡಿನ ಚಿತ್ರ. ಅಷ್ಟು ಜನಕ್ಕೂ ಅಷ್ಟೇ. ಬೆಳಿಗ್ಗೆ ಆ ನಾಲ್ಕನ್ನೂ ತೊಳೆದವರು ಇವರೇ, ಕಿರಣಕುಮಾರ ಬಾಗಿಲು ತೆಗೆಸಿ ಹೊರಗೇ ನಿಂತಿದ್ದ. ನಾಲ್ಕೂವರೆಗೆ ಮನೆ ಬಿಟ್ಟವಳು, ಗಂಟೆ ಹನ್ನೊಂದಾದರೂ ಭೀಮಬಾಯಿ ಕೂತಿರಲಿಲ್ಲ. ಡಾಕ್ಟರಮ್ಮನ ಮಾತಿಗೆ ಹೆದರಿ ಆ ದಿನ ಎರಡು ತಂಬಿಗೆ ನೀರು ಬೇರೆ ಕುಡಿದಿದ್ದಳು. ಇನ್ನೊಂದು ಗಂಟೆ, ಪ್ರವೀಣ್ ಸಾರ್ ಮಾತು ಕೊಟ್ಟ ಕೂಡಲೇ ಹೋಗುತ್ತೇನೆ ಎಂದು ಹಲ್ಲು ಕಚ್ಚಿಕೊಂಡಳು.

ಹನ್ನೆರಡಕ್ಕೆ ನಾಲ್ಕು ಕುರ್ಚಿ ಹಾಕಿದರು. ನಾಲ್ಕು ಹಿತ್ತಾಳೆ ತಾಟು, ಬಿಸಿ ನೀರು, ಮೇಲೆ ಗುಲಾಬಿ ಎಸಳು. ಕೊಳಲಿನ ಹಾಡು ಹಾಕಿದರು. ಎಲ್ಲರೂ ಸುತ್ತ ಕೂತರು, ಒಂದಿಬ್ಬರು ಕ್ಯಾಮೆರಾ ಹಿಡಿದು ಮಂಡಿಯೂರಿದರು. ಪ್ರವೀಣ್ ಸಾರ್ ಪ್ಯಾಂಟು ಮಡಿಚಿಕೊಂಡು ಭೀಮಬಾಯಿಯ ಮುಂದೆ ನೆಲಕ್ಕೆ ಕೂತ. ಮೂವತ್ತೆರಡು ಮೂವತ್ತಮೂರರ ಹುಡುಗ, ಮುಖದಲ್ಲಿ ಕೆಟ್ಟತನವಿರಲಿಲ್ಲ. ಲಿಫ್ಟಿನಲ್ಲಿ ಕಂಡರೆ ದಾರಿ ಬಿಡಿ ಎನ್ನುವ ಬದಲು ಪ್ಲೀಸ್ ಅನ್ನುತ್ತಿದ್ದ. ಅವನು ಎರಡು ಬೆರಳಲ್ಲಿ ಅವಳ ಹಿಮ್ಮಡಿ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಹುಯ್ದು, ಕಣ್ಣು ಮುಚ್ಚಿಕೊಂಡ. ಭೀಮಬಾಯಿಗೆ ಮೈಯೆಲ್ಲ ಹಿಡಿಯಾಯಿತು. ಅವಳ ಓಣಿಯ ಜನರ ನೆರಳು ಬಿದ್ದರೆ ಊರ ಗೌಡರು ಕೊಡ ತೊಳೆಯುತ್ತಿದ್ದರು, ಇಲ್ಲಿ ಇಂಥವನು ಅವಳ ಕಾಲು ತೊಳೆಯುತ್ತಿದ್ದ. ಅವಳಿಗೆ ಅಳು ಬಂತು, ಅದು ನಿಜವಾದ ಅಳು.

ಗುರು, ಈಗ ಮನಸ್ಸಿನಲ್ಲಿದ್ದುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ ಎಂದ. ಪ್ರವೀಣ್ ಸಾರ್, ನೀವು ನಮ್ಮ ಜಾಗವನ್ನು ಚೊಕ್ಕಟವಾಗಿ ಇಡುತ್ತೀರಿ, ನಿಮಗೆ ನಾನು ಋಣಿ ಎಂದು ಹೇಳಿ ಏಳಲು ಹೋದ. ಭೀಮಬಾಯಿ ತಾಟಿನಿಂದ ಕಾಲು ತೆಗೆಯಲಿಲ್ಲ.

"ಸರ, ನಮ್ಮ ಕಡಿ ತಾಟಿನಾಗ ಕಾಲಿಟ್ಟವರು ಒಂದು ಬೇಡ್ತಾರ. ತೊಳದವರು ಇಲ್ಲ ಅನಬಾರದು," ಎಂದಳು. "ಕೆಳಗಿನ ಕಕ್ಕಸದ ಬೀಗ ತಗಸ್ರಿ. ಇಲ್ಲಂದ್ರ ನಾವು ತೊಳಿಯೋ ಕಕ್ಕಸದಾಗ ನಮಗ ಕುಂದ್ರಲಾಕ ಬಿಡ್ರಿ. ಬೀಗ ಹಾಕಿ ಒಂದು ತಿಂಗಳಾತು, ನನಗ ಉಚ್ಚ್ಯಾಗ ರಕ್ತ ಬರ್ಲಾಕತ್ತದ."

ಹುಲ್ಲಿನ ಮೇಲೆ ಕೂತವರಲ್ಲಿ ಕೆಲವರು ಮೂಗು ಸೊಟ್ಟ ಮಾಡಿದರು. ಅಂಥ ಗುಲಾಬಿ ಎಸಳಿನ ಹೊತ್ತಿನಲ್ಲಿ ಉಚ್ಚೆ ಅಂದದ್ದು ಅವರಿಗೆ ಸರಿಬರಲಿಲ್ಲ. ರಕ್ತ ಅಂದದ್ದನ್ನು ಯಾರೂ ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ. ಪ್ರವೀಣ್ ಸಾರ್ ಪ್ರತಿಭಾ ಮೇಡಂ ಕಡೆ ನೋಡಿದ, ಅವಳು ಗುರುವಿನ ಕಡೆ ನೋಡಿದಳು. ಗುರು ಮಾತ್ರ ಕಣ್ಣರಳಿಸಿ, ಹೃದಯದಿಂದ ಹೂಂ ಅನ್ನಿ ಎಂದ.

"ಖಂಡಿತ ಭೀಮಾ ಬಾಯಿ," ಎಂದ ಪ್ರವೀಣ್ ಸಾರ್, ಕಾಲಿನ ಮೇಲೆ ಕೈ ಇಟ್ಟೇ. "ಇವತ್ತಿಂದ ನೀವು ಎಲ್ಲಿ ಬೇಕಾದ್ರೂ ಹೋಗಿ. ಯಾರೂ ನಿಮ್ಮನ್ನ ತಡಿಯಲ್ಲ. ಪ್ರಾಮಿಸ್."

ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು. ಭೀಮಬಾಯಿ ಎರಡೂ ಕೈಯಿಂದ ಅವನ ತಲೆಯ ಮೇಲೆ ದೃಷ್ಟಿ ತೆಗೆದು ತನ್ನ ಕಪಾಳಕ್ಕೆ ನೆಟಿಗೆ ಮುರಿದಳು. ನಿನ್ನ ಹೊಟ್ಟೆ ತಣ್ಣಗಿರಲಿ ಮಗನೇ ಎಂದು ಮನಸಾರೆ ಹರಸಿದಳು. ಆಮೇಲೆ ಒದ್ದೆ ಕಾಲಲ್ಲೇ ಎದ್ದು, ಓಡಲಾಗದೆ ಓಡುವ ಹಾಗೆ, ಹೆಂಚಿನ ಕಟ್ಟಡದ ಕಡೆ ನಡೆದಳು.

ಹೆಣ್ಣಿನ ಚಿತ್ರದ ಬಾಗಿಲ ಮುಂದೆ ಕಿರಣಕುಮಾರ ಕೈ ಅಡ್ಡ ಇಟ್ಟ. ಎಲ್ಲಿಗೆ ಸವಾರಿ ಎಂದು ಕೇಳಿದ. ಪ್ರವೀಣ್ ಸಾರ್ ಮಾತು ಕೊಟ್ಟಿದ್ದಾರೆ, ನೀನೂ ಕೇಳಿದಿಯಲ್ಲ ಎಂದು ಭೀಮಬಾಯಿ ಹೇಳಿದಳು. ಅವನು ನಗಲು ಶುರುಮಾಡಿದ. ಪ್ರವೀಣ್ ಸಾರ್ ದೂರವೇನೂ ಇರಲಿಲ್ಲ, ಹತ್ತು ಹೆಜ್ಜೆ ಆಚೆ ಬೇಸಿನ್ನಿನ ಮುಂದೆ ನಿಂತು ಸೋಪಿನಲ್ಲಿ ಕೈ ತೊಳೆಯುತ್ತಿದ್ದ. ಒಂದು ಸಲ ತೊಳೆದು ಮೂಸಿ ನೋಡಿದ, ಮತ್ತೆ ಸೋಪು ಹಾಕಿದ, ಮತ್ತೆ ಮೂಸಿದ, ಮೂರನೇ ಸಲ ಉಗುರುಗಳ ಸಂದಿಯನ್ನೂ ತಿಕ್ಕಿದ. ಭೀಮಬಾಯಿ ಅವನನ್ನೇ ಕರೆದು, ಸರ, ಈಗ ಅಂದ್ರಲ್ರಿ ಎಂದಳು. ಅವನ ಮುಖ ಕೆಂಪಾಯಿತು. "ಕಿರಣ್, ನೀವು ಹ್ಯಾಂಡಲ್ ಮಾಡಿ. ಅದೊಂದು ಎಕ್ಸರ್‌ಸೈಜು ಅಂತ ಅವರಿಗೆ ತಿಳಿಸಿ ಹೇಳಿ," ಎಂದು ಕೈ ಒರೆಸುತ್ತ ಹೋದ.

"ಕೇಳಿಸ್ತಾ? ಆಟ ಕಣಮ್ಮ ಅದು, ಆಟ," ಎಂದ ಕಿರಣಕುಮಾರ. "ನಾಟಕದಲ್ಲಿ ರಾಜನ ಪಾರ್ಟು ಹಾಕ್ದೋನು ಮನೆಗೋಗಿ ರಾಜ್ಯ ಕೇಳ್ತಾನಾ? ಒಳಗೆ ಹೋಗೋ ಆಸೆ ಇದ್ರೆ ಬ್ರಶ್ಶು ಬಕೆಟ್ಟು ತಗೊಂಡು ಹೋಗು. ತೊಳಿಯೋಕೆ ಮಾತ್ರ. ಕೂರೋದಾದ್ರೆ ಅಡುಗೆಮನೆ ಹಿಂದೆ ಪೊದೆ ಐತೆ."

ಅಡುಗೆಮನೆಯ ಹಿಂದೆ ರೆಸಾರ್ಟಿನ ಏಳೆಂಟು ಗಂಡಸರು ಈರುಳ್ಳಿ ಹೆಚ್ಚುತ್ತ ಬೀಡಿ ಸೇದುತ್ತ ಕೂತಿದ್ದರು. ಭೀಮಬಾಯಿ ಅಲ್ಲಿಯ ತನಕ ಹೋಗಿ ವಾಪಸು ಬಂದಳು. ಗೋಡೆ ಹಿಡಿದು ನಿಂತಾಗ ಬೆನ್ನಿನ ಕೆಳಗಿಂದ ನೋವು ಎದ್ದು ಕಣ್ಣು ಕತ್ತಲಿಟ್ಟಿತು. ನೋವಿಗಿಂತ ಸಿಟ್ಟು ಹೆಚ್ಚಾಗಿತ್ತು. ಅವನನ್ನು ಹರಸಿದ ತನ್ನ ಬಾಯನ್ನು ತಾನೇ ಬೈದುಕೊಂಡಳು. ಅವಳ ಅಪ್ಪ ಬಡವ, ಕುಡುಕ, ಒಂದು ಎಕರೆ ಹೊಲವಿಲ್ಲದವನು, ಆದರೂ ತಾಟಿನಲ್ಲಿ ಕೈ ಇಟ್ಟು ಆಡಿದ ಮಾತಿಗೆ ಮನೆಯ ರೇಡಿಯೋ ಕೊಟ್ಟಿದ್ದ. ಈ ಭಾಡ್ಯಾನ ಮಾತು ಕೈಯೊಣಗುವ ತನಕ ಬಾಳಲಿಲ್ಲ.

ಊಟಕ್ಕೆ ಬಡಿಸಲು ಕರೆದರು. ಬಿರಿಯಾನಿ, ಮೊಸರುಬಜ್ಜಿ, ಕಲ್ಲಂಗಡಿ, ಜೊತೆಗೆ ಐಸಿನ ತೊಟ್ಟಿಯಲ್ಲಿ ಬಿಯರು. ಬಿಸಿಲಿಗೆ ಜನ ನೀರಿನ ಹಾಗೆ ಕುಡಿದರು. ಪ್ರತಿಭಾ ಮೇಡಂ ಬಿಯರು ಮುಟ್ಟಲಿಲ್ಲ, ಕಲ್ಲಂಗಡಿ ರಸವನ್ನೇ ಮೂರು ಲೋಟ ಕುಡಿದಳು. ಭೀಮಬಾಯಿ ಬಡಿಸುತ್ತ ಬಡಿಸುತ್ತ ಒಂದೊಂದು ಲೋಟವನ್ನೂ ನೋಡಿದಳು. ಕಕ್ಕಸು ತೊಳೆಯುವವರಿಗೆ ಗೊತ್ತಿರುವಂಥದು ಒಂದಿದೆ, ಯಾವ ಗುರುವಿಗೂ ಗೊತ್ತಿಲ್ಲ. ಊಟವಾಗಿ ಇಪ್ಪತ್ತೈದು ನಿಮಿಷಕ್ಕೆ ಜನ ಏಳುತ್ತಾರೆ. ಮೊದಲು ಇಬ್ಬರು, ಆಮೇಲೆ ಆರು, ಆಮೇಲೆ ಎಲ್ಲರೂ. ಹದಿನಾಲ್ಕು ತಿಂಗಳಿಂದ ಆ ಹೊತ್ತಿಗೇ ಸರಿಯಾಗಿ ಅವಳು ನೆಲ ಒಣಗಿಸಿ ಇಡುತ್ತ ಬಂದಿದ್ದಳು.

ಎಂಜಲು ತಟ್ಟೆ ಸುರಿಯುವ ಜಾಗದಲ್ಲಿ ಉಳಿದ ಮೂವರಿಗೂ ಅವಳು ತನ್ನ ಉಪಾಯ ಹೇಳಿದಳು. ಸಾಬಮ್ಮ, "ಯಕ್ಕಾ, ಕೆಲಸ ಹೋಗ್ತದ," ಎಂದಳು. ಇಮಾಮ್ ಬೀ, ನಾಳೆ ಶಿವಾಜಿನಗರದಲ್ಲಿ ಕೋಳಿ ಪುಕ್ಕ ಕೀಳುವ ಕೆಲಸವಾದರೂ ಸಿಕ್ಕೀತು, ಅಲ್ಲಿ ಕನಿಷ್ಠ ಕೋಳಿಗಳು ನೋಟೀಸು ಅಂಟಿಸುವುದಿಲ್ಲ ಎಂದಳು. ಪಟಾಲಮ್ಮನಿಗೆ ಹೇಳುವುದೇ ಬೇಕಾಗಿರಲಿಲ್ಲ, ಗಂಡಸರವು ಎರಡೂ ನನಗೆ ಬಿಡಿ ಎಂದು ಆಗಲೇ ಕೈ ತೊಳೆದುಕೊಂಡಿದ್ದಳು. ಒಬ್ಬಳೇ ಎರಡರಲ್ಲಿ ಹೇಗೆ ಕೂರುತ್ತೀ ಎಂದು ಭೀಮಬಾಯಿ ಬೈದಳು. ಕೊನೆಗೆ ಸಾಬಮ್ಮನೇ ಸೆರಗು ಬಿಗಿದು, "ನಂದೂ ಉರೀಲಾಕತ್ತು ಎಂಟು ದಿನ ಆತು ಯಕ್ಕಾ. ನಿನ್ನ ಮುಂದ ಹೇಳಿದ್ದಿಲ್ಲ," ಎಂದಳು.

ಭೀಮಬಾಯಿ ಕಿರಣಕುಮಾರನ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತಳು. ತಪ್ಪಾಯಿತು ಸರ, ಊಟವಾಗಿ ಜನ ಬರುವ ಹೊತ್ತು, ಒಂದು ಸಲ ತೊಳೆದುಬಿಡುತ್ತೇವೆ ಎಂದಳು. ಕಿರಣಕುಮಾರನಿಗೆ ಖುಷಿಯಾಯಿತು. ಈಗ ದಾರಿಗೆ ಬಂದೆ ಎಂದು ತಾನೇ ನಾಲ್ಕು ಬಕೆಟ್ಟು ಕೊಡಿಸಿದ. ಇಮಾಮ್ ಬೀ 'ಸ್ವಚ್ಛತೆ ನಡೆಯುತ್ತಿದೆ' ಎಂಬ ಹಳದಿ ಹಲಗೆಯನ್ನು ಕಟ್ಟಡದ ಮುಂದೆ ನೀಟಾಗಿ ನಿಲ್ಲಿಸಿದಳು. ನಾಲ್ವರೂ ನಾಲ್ಕು ಬಾಗಿಲೊಳಗೆ ಹೋದರು. ನಾಲ್ಕು ಅಗಳಿ ಒಂದರ ಹಿಂದೊಂದು ಬಿದ್ದವು.

ಮೊದಲು ಬಂದ ಇಬ್ಬರು ಹಲಗೆ ನೋಡಿ ಮರ್ಯಾದೆಯಿಂದ ನಿಂತರು. ಆಮೇಲೆ ಆರು ಜನ ಬಂದರು. ಹತ್ತು ನಿಮಿಷಕ್ಕೆ ಮರ್ಯಾದೆ ಮುಗಿಯಿತು, ಬಾಗಿಲು ಬಡಿಯಲು ಶುರುವಾಯಿತು. ಕಿರಣಕುಮಾರ ಓಡಿ ಬಂದು, ಆಯ್ತೇನ್ರೇ ಎಂದ, ಮುಗೀಲಿಲ್ವೇನ್ರೇ ಎಂದ, ಆಮೇಲೆ ಅಮ್ಮ ಅಕ್ಕ ಎಲ್ಲ ಎತ್ತಿ ಬೈದ. ಗಂಡಸರ ಬಾಗಿಲೊಳಗಿಂದ ಪಟಾಲಮ್ಮ ಅದಕ್ಕೆ ಎರಡು ಪಟ್ಟು ತಮಿಳಿನಲ್ಲಿ ಕೊಟ್ಟಳು. ಅದು ಅರ್ಥವಾದವರು ಕಿವಿ ಮುಚ್ಚಿಕೊಂಡರು.

ಕೆಲವು ಗಂಡಸರು ಬೇಲಿಯ ಕಡೆ ನಡೆದರು. ಬೇಲಿಯಾಚೆ ಒಣಗಿದ ಕೆರೆಯಂಗಳದಲ್ಲಿ ಊರಿನವರು ಕ್ರಿಕೆಟ್ಟು ಆಡುತ್ತಿದ್ದರು. ಒಂದೇ ಬಣ್ಣದ ಅಂಗಿಯವರು ಸಾಲಾಗಿ ಬಂದು ಜಿಪ್ಪಿಗೆ ಕೈ ಹಾಕಿದ್ದನ್ನು ಕಂಡು ಬ್ಯಾಟು ಹಿಡಿದೇ ಬಂದು, ನಮ್ಮೆಣ್ಮಕ್ಳು ಓಡಾಡೋ ಜಾಗ ಇದು, ನಿಮ್ಮಪ್ಪಂದಾ ಎಂದು ಕೇಳಿದರು. ಕಂಪನಿಯ ಕುಟುಂಬ ಜಿಪ್ಪು ಏರಿಸಿಕೊಂಡು ಹಿಂದಕ್ಕೆ ಬಂದು ಮತ್ತೆ ಸಾಲಿನಲ್ಲಿ ನಿಂತಿತು. ಈಗ ಅವರು ನಿಜವಾಗಿ ಬಹಳ ಹತ್ತಿರ ಹತ್ತಿರ ನಿಂತಿದ್ದರು. ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ.

ಒಳಗೆ ಭೀಮಬಾಯಿ ಕೂತಿದ್ದಳು. ಕೂತ ಕೂಡಲೇ ಬರಲಿಲ್ಲ. ತಿಂಗಳಿಂದ ಹೆದರಿ ಹೆದರಿ ಕೂತ ಮೈ, ಬಾಗಿಲ ಸಪ್ಪಳಕ್ಕೆ ತಾನಾಗಿ ಬಿಗಿದುಕೊಳ್ಳುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡು ಒಂದೊಂದೇ ಉಸಿರು ಬಿಟ್ಟಳು. ಒಂದು ಹನಿ ಬಂತು, ಕಾಯಿಸಿದ ಕಬ್ಬಿಣದ ಹಾಗೆ ಸುಡುತ್ತ ಬಂತು.

ಹೊರಗೆ ಪ್ರವೀಣ್ ಸಾರ್ ದನಿ ಕೇಳಿತು. ಭೀಮಾ ಬಾಯಿಯವರೇ, ನಿಮ್ಮ ಸಮಸ್ಯೆ ನನಗೆ ಅರ್ಥವಾಗಿದೆ, ನಾಳೆ ಮೀಟಿಂಗಿನಲ್ಲಿ ತೆಗೆದುಕೊಳ್ಳುತ್ತೇನೆ, ಮಾತು ಕೊಡುತ್ತೇನೆ ಎಂದ. ಕಿರಣಕುಮಾರ, ಈಗ ತೆಗೀದಿದ್ರೆ ನಾಳೆ ಗೇಟೊಳಗೆ ಕಾಲಿಡ್ಬೇಡಿ ಎಂದ. ಸೆಕ್ಯುರಿಟಿಯನ್ನು ಕರೆದು ಬಾಗಿಲು ಒಡೆಸಿ ಎಂದು ಯಾರೋ ಕೂಗಿದರು. ಒಡೆದರೆ ಒಳಗೆ ಹೆಂಗಸು ಸೀರೆ ಎತ್ತಿ ಕೂತಿರುತ್ತಾಳಲ್ಲ, ಯಾರು ನೋಡುತ್ತೀರಿ ಎಂದು ಇಮಾಮ್ ಬೀ ಒಳಗಿಂದಲೇ ಕೇಳಿದಳು. ಅದಕ್ಕೆ ಯಾರೂ ಮುಂದೆ ಬರಲಿಲ್ಲ.

ಆಮೇಲೆ ಭೀಮಬಾಯಿಯ ಬಾಗಿಲಿಗೆ ಯಾರೋ ಮೆಲ್ಲಗೆ ಹಣೆ ಒತ್ತಿದ ಹಾಗಾಯಿತು. ಪ್ರತಿಭಾ ಮೇಡಂ.

"ಬಾಯಿ, ಪ್ಲೀಸ್. ನಂಗೆ ಆಗ್ತಾ ಇಲ್ಲ. ನಿಜವಾ‌ಗ್ಲೂ ಆಗ್ತಾ ಇಲ್ಲ."

ಆ ದನಿ ಭೀಮಬಾಯಿಗೆ ಗೊತ್ತಿತ್ತು. ಹಲ್ಲು ಕಚ್ಚಿ, ಕಾಲಿಗೆ ಕಾಲು ಒತ್ತಿ, ಒಂದು ಹೆಜ್ಜೆ ಇಡಲು ಹೆದರುವ ದನಿ ಅದು. ಅವಳಿಗೆ ಮರುಕ ಬಂತು. ಕೈ ತಾನಾಗಿ ಅಗಳಿಯ ತನಕ ಹೋಯಿತು. ಅಲ್ಲಿಗೆ ಹೋದ ಕೈಯನ್ನು ಅವಳು ಹಿಂದಕ್ಕೆ ತಂದುಕೊಂಡಳು.

"ಕೆಳಗಿನ ಕಕ್ಕಸದ ಚಾವಿ ನಿಮ್ಮ ಗೊಂಚಲದಾಗ ಅದ. ಬಾಗಿಲ ಸಂದ್ಯಾಗ ತೂರಿಸ್ರಿ."

ಸೋಮವಾರ ಕೊಡುತ್ತೇನೆ, ಖಂಡಿತ ಕೊಡುತ್ತೇನೆ ಎಂದಳು ಪ್ರತಿಭಾ ಮೇಡಂ.

"ಬಾಯಿಮಾತು ಬ್ಯಾಡ್ರಿ. ತಾಟಿನಾಗ ಕೈಯಿಟ್ಟು ಕೊಟ್ಟ ಮಾತೇ ಉಣ್ಣೋತನಕ ಉಳೀಲಿಲ್ಲ. ಚಾವಿ ಕೊಡ್ರಿ."

ಹೊರಗೆ ಬ್ಯಾಗಿನ ಜಿಪ್ಪು ಎಳೆದ ಸದ್ದಾಯಿತು. ಗೊಂಚಲು ಗಲಗಲ ಎಂದಿತು. ಯಾವುದೋ ಗಂಡಸಿನ ದನಿ ಕೊಡಬೇಡ ಎಂದಿತು, ಪ್ರತಿಭಾ ಮೇಡಂ ಆ ದನಿಗೆ ಇಂಗ್ಲಿಷಿನಲ್ಲಿ ಒಂದು ಹೊಲಸು ಬೈಗುಳ ಬೈದಳು. ಸಂದಿಯ ಕೆಳಗಿಂದ ಹಿತ್ತಾಳೆಯ ಸಣ್ಣ ಚಾವಿಯೊಂದು ಒದ್ದೆ ನೆಲದ ಮೇಲೆ ಜಾರಿ ಬಂದು ಭೀಮಬಾಯಿಯ ಕಾಲಿಗೆ ತಾಗಿತು. ಅವಳು ಅದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ನಾಳೆ ಆ ಕಟ್ಟಡದ ಗೇಟು ತನಗೆ ತೆಗೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ತನ್ನ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಜೇವರ್ಗಿಯಿಂದಲೋ ಶಹಾಪುರದಿಂದಲೋ ಬರುತ್ತಾಳೆ. ಅವಳ ಮನೆ ಹುಡುಕಿ ಈ ಚಾವಿ ಕೊಟ್ಟು ಬರಬೇಕು ಎಂದುಕೊಂಡಳು.

"ಕೊಟ್ನಲ್ಲ ಬಾಯಿ, ಕೊಟ್ನಲ್ಲ. ಈಗಾದ್ರೂ ತೆಗಿ," ಎಂದು ಪ್ರತಿಭಾ ಮೇಡಂ ಅಳುತ್ತಿದ್ದಳು.

ಎರಡನೇ ಹನಿ ಬಂತು, ಮೂರನೆಯದು ಬಂತು, ಆಮೇಲೆ ತಡೆದು ತಡೆದು ಒಂದು ಸಣ್ಣ ಧಾರೆ ಹತ್ತಿತು. ಉರಿಗೆ ಭೀಮಬಾಯಿಯ ಕಣ್ಣಲ್ಲಿ ನೀರಿಳಿಯಿತು. ಅವಳು ಗೋಡೆಗೆ ತಲೆಯಾನಿಸಿ ಆರಾಮಾಗಿ ಕೂತಳು.

"ತಡೀರಿ ಬಾಯಿ," ಎಂದಳು. "ನಂದಿನ್ನಾ ಆಗಿಲ್ಲ."